ನೆಲದಲ್ಲಿ ನಿಂತವನ ಹೊಣೆ

ಕೋಟೇಶ್ವರದ ಕೊಡಿಹಬ್ಬದಲ್ಲಿ ತೇರಿನ ಕಳಶವನ್ನು ನೋಡದವರಿಲ್ಲ. ಗಾಲಿಯ ಬಳಿ ಬಾಗಿ, ಮರದ ತುಂಡನ್ನೊಡ್ಡಿ ತೇರನ್ನು ಹಿಡಿತದಲ್ಲಿಡುವವನನ್ನು ಗಮನಿಸುವವರು ವಿರಳ.

1996ರಲ್ಲಿ ಬೀದರದಲ್ಲಿ ರೂಪುಗೊಂಡ ಭಾರತೀಯ ವಾಯುಪಡೆಯ ‘ಸೂರ್ಯಕಿರಣ’ ತಂಡದ ವಿಷಯದಲ್ಲಿಯೂ ಇದೇ ಮಾತು ಸಲ್ಲುತ್ತದೆ. ಒಂಬತ್ತು ಜೆಟ್ ವಿಮಾನಗಳು ಒತ್ತೊತ್ತಾಗಿ ಹಾರುವಾಗ ನಾವು ಚಾಲಕರನ್ನು ಕೊಂಡಾಡುತ್ತೇವೆ. ಅದು ಯೋಗ್ಯವೇ ಸರಿ. 2019ರ ಫೆಬ್ರವರಿ 19ರಂದು ಯಲಹಂಕದಲ್ಲಿ ಅಭ್ಯಾಸದ ವೇಳೆ ಎರಡು ವಿಮಾನಗಳು ಡಿಕ್ಕಿಯಾಗಿ ಓರ್ವ ಚಾಲಕರು ಅಸುನೀಗಿದುದು ಆ ಸಾಹಸದ ಬೆಲೆಯನ್ನು ತಿಳಿಸಿತು. ಆದರೆ ಇಂಧನ, ಚಕ್ರ, ರೆಕ್ಕೆ, ಎಂಜಿನ್ನುಗಳನ್ನು ಪರೀಕ್ಷಿಸಿ, ತನ್ನ ಉಪಕರಣಗಳನ್ನೆಲ್ಲ ಎಣಿಸಿ, ದಾಖಲೆಗೆ ಸಹಿ ಹಾಕುವ ನೆಲದ ತಂತ್ರಜ್ಞನಿಲ್ಲದೆ ಒಂದು ವಿಮಾನವೂ ಮೇಲೇಳದು. ಮರೆತುಳಿದ ಒಂದು ತಿರುಪುಮೊಳೆ ಜೆಟ್ ಎಂಜಿನ್ನನ್ನೇ ಕೆಡಿಸಬಲ್ಲದು. ಆ ಸಹಿಯೆಂದರೆ ಇನ್ನೊಬ್ಬನ ಪ್ರಾಣಕ್ಕೆ ತಾನು ಹೊಣೆಯೆಂಬ ಮಾತು.

ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ನಮ್ಮ ಶಾಲೆಗಳಲ್ಲಿ ಬಹುಮಾನಗಳು ಬಹುಪಾಲು ಅಂಕ ಗಳಿಸಿದವರಿಗೇ ಸಲ್ಲುತ್ತವೆ. ಕೆಟ್ಟ ಪಂಪನ್ನು ಬಿಚ್ಚಿ ಸರಿಪಡಿಸಿ, ತೆಗೆದ ಹತಾರವನ್ನು ಸ್ವಸ್ಥಾನದಲ್ಲಿಡುವ ಬಾಲಕನ ಶ್ರದ್ಧೆಯನ್ನು ಅಳೆಯುವ ಪರೀಕ್ಷೆ ನಮ್ಮಲ್ಲಿಲ್ಲ. ಕಾಯಕದ ಹಿರಿಮೆಯನ್ನು ಬೋಧಿಸುವ ಸಂಸ್ಥೆಗಳಿಗೆ ಇದು ಶೋಭಿಸದು. ಮಹನೀಯರಾದ ದಾನಿಗಳು ಮುಂದಿನ ವರ್ಷ ಒಂದು ಕಾರ್ಯಾಗಾರವನ್ನೂ, ಕೈಕೆಲಸದ ನಿಷ್ಠೆಗೆ ಒಂದು ಪಾರಿತೋಷಕವನ್ನೂ ಕರುಣಿಸಲಿ. ಉಪಾಧ್ಯಾಯರು ಅದನ್ನು ಪ್ರಥಮ ಶ್ರೇಣಿಯ ಬಹುಮಾನದೊಡನೆ ಅದೇ ವೇದಿಕೆಯಲ್ಲಿ ನೀಡಲಿ.