ಹಿಂದಿನ ಅಚ್ಚಿನ ಎಣ್ಣೆ

ಮಠದ ಪಾಠಶಾಲೆಯಲ್ಲಿ ನಾವು ಅಮರಕೋಶವನ್ನು ಬಾಯಿಪಾಠ ಮಾಡುತ್ತಿದ್ದ ದಿನಗಳಲ್ಲಿ, ಬೆಳಗಿನ ಪಾಠಕ್ಕೆ ಮುನ್ನ ವಿದ್ಯಾರ್ಥಿಗಳು ಮಾಡಬೇಕಾದ ಕೆಲಸಗಳು ಹಲವಿದ್ದವು. ನನ್ನ ಪಾಲಿಗೆ ಬಂದದ್ದು ಮಠದ ಎತ್ತಿನ ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕುವುದು. ಹುಲ್ಲು ಸುಟ್ಟ ಕರಿಯನ್ನು ಹರಳೆಣ್ಣೆಯಲ್ಲಿ ಕಲಸಿ, ಬಿದಿರಿನ ಗೊಟ್ಟದಲ್ಲಿ ತುಂಬಿ, ಗಾಡಿಯ ಕೆಳಗೇ ತೂಗುಹಾಕಿರುತ್ತಿದ್ದರು. ಕಡೆಗೀಲನ್ನು ಕಿತ್ತು, ಚಕ್ರವನ್ನು ಗೇಣುದ್ದ ಹೊರಕ್ಕೆಳೆದು, ಕಡ್ಡಿಯಿಂದ ಸವರಿ ಮತ್ತೆ ಕೂಡಿಸಿದರೆ ಕೆಲಸ ಮುಗಿಯಿತು. ಎಂದಾದರೂ ಸೋಮಾರಿತನದಿಂದ ತಪ್ಪಿಸಿದೆನೋ, ಗಾಡಿಯೇ ಕಿರುಗುಟ್ಟಿ ಬೀದಿಗೆಲ್ಲ ಸಾರುತ್ತಿತ್ತು. ಗುರುಗಳ ಕಿವಿಗೆ ಅದು ಬಿದ್ದರೆ ಅಂದು ನನಗೆ ನಾಲ್ಕು ಮಾತು ತಪ್ಪದೆ ಸಲ್ಲುತ್ತಿದ್ದವು.

ಮೋಟಾರು ಗಾಡಿಯ ಹಿಂದಿನ ಅಚ್ಚು ಹಾಗೆ ಬೇಗನೆ ಕೂಗುವುದಿಲ್ಲ. ಅದು ಕೂಗುವ ಹೊತ್ತಿಗೆ ಒಳಗಿನ ಹಲ್ಲು ಸವೆದಿರುತ್ತದೆ. ಈ ಮಾತನ್ನು ನಾನು ಕಲಿತದ್ದು ಅರುವತ್ತು ದಾಟಿದ ಮೇಲೆ, ರಾಮಾಪುರದ ನಮ್ಮ ಮನೆಯ ಹಿತ್ತಿಲಲ್ಲಿ, ಕಾರಿನ ಕೆಳಗೆ ಅಂಗಾತ ಮಲಗಿ. ಶಾಸ್ತ್ರ, ವ್ಯಾಕರಣ ಎಂದು ಬರೆಯುತ್ತಿದ್ದವನು ಈ ತಿಂಗಳು ಗೇರ್ ಎಣ್ಣೆಗೆ ಇಳಿದನೇ ಎಂದು ಬಂಧುಗಳು ಹುಬ್ಬೇರಿಸಬಾರದು. ನಮ್ಮ ಓದುಗರಲ್ಲಿ ಮನೆಗೊಂದು ವಾಹನವುಳ್ಳವರು ಈಗ ಬಹಳ ಮಂದಿ. ಆ ವಾಹನದಲ್ಲಿ ಕೂರುವವರು ನಮ್ಮ ಮನೆಯ ಹೆಂಗಸರು ಮಕ್ಕಳೇ.

ನಮ್ಮ ಅಣ್ಣನವರು 1996ರಲ್ಲಿ ಕೊಂಡ ಅಂಬಾಸಿಡರ್ ಕಾರು ಇಂದಿಗೂ ಮನೆಯಲ್ಲಿದೆ. ಬಂಗಾಳದ ಉತ್ತರಪಾರಾದ ಕಾರ್ಖಾನೆ ಆ ಕಾರನ್ನು ಮಾಡುವುದನ್ನು 2014ರಲ್ಲಿ ನಿಲ್ಲಿಸಿತಾದರೂ ಅಣ್ಣನವರು ಅದನ್ನು ಬಿಡಲೊಲ್ಲರು. ದೀಪಾವಳಿಯ ಜಾತ್ರೆಗೆ ಮಲೆಮಹದೇಶ್ವರ ಬೆಟ್ಟಕ್ಕೆ ಮನೆಮಂದಿಯೆಲ್ಲ ಅದರಲ್ಲಿಯೇ ಹೋಗುವುದು ವಾಡಿಕೆ. ಈ ಸಲ ಜಾತ್ರೆಗೆ ಹದಿನೈದು ದಿನ ಮೊದಲು ಹನೂರಿಗೆ ಹೋಗಿ ಬರುವಾಗ ಹಿಂಬದಿಯಿಂದ ದುಂಬಿ ಮೊರೆದಂತಹ ಸದ್ದು ಕೇಳಿಸಿತು. ವೇಗ ಹೆಚ್ಚಿದರೆ ಸದ್ದು ಏರುವುದು, ವೇಗವರ್ಧಕದಿಂದ ಕಾಲು ತೆಗೆದರೆ ಸ್ವರ ಬದಲಾಗುವುದು. ಅಣ್ಣನವರಿಗೆ ಕಿವಿ ಮಂದ, ಅವರು ಒಪ್ಪಲಿಲ್ಲ. ನನ್ನ ಸೋದರಳಿಯ ಮಾತ್ರ, "ಮಾವ, ಇದು ಹಿಂದಿನ ಹೌಸಿಂಗ್ ಸದ್ದು. ಎಣ್ಣೆ ನೋಡದೆ ಬೆಟ್ಟ ಹತ್ತಿಸಬಾರದು" ಎಂದನು.

ಅಲ್ಲಿ ಏನಿದೆ ಎಂಬುದನ್ನು ತಿಳಿಯದವರಿಗಾಗಿ ಸ್ವಲ್ಪ ವಿವರಿಸುತ್ತೇನೆ. ಎತ್ತಿನ ಗಾಡಿಯಲ್ಲಿ ಅಚ್ಚು ತಿರುಗುವುದಿಲ್ಲ. ಎರಡು ಚಕ್ರಗಳೂ ಅದರ ಮೇಲೆ ತಮ್ಮಷ್ಟಕ್ಕೆ ತಾವು ತಿರುಗುತ್ತವೆ. ಎಳೆಯುವವು ಎತ್ತುಗಳು, ಚಕ್ರವಲ್ಲ. ಆದುದರಿಂದ ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ಉರುಳಿ ಒಳಗಿನದು ಕಡಿಮೆ ಉರುಳಿದರೆ ಯಾರಿಗೂ ತೊಂದರೆಯಿಲ್ಲ. ಮೋಟಾರಿನಲ್ಲಿಯಾದರೋ ಎಂಜಿನು ಚಕ್ರಗಳನ್ನೇ ತಿರುಗಿಸಬೇಕು. ಎರಡನ್ನೂ ಒಂದೇ ಸರಳಿಗೆ ಬಿಗಿದು ತಿರುಗಿಸಿದರೆ, ತಿರುವಿನಲ್ಲಿ ಒಂದು ಚಕ್ರ ರಸ್ತೆಯನ್ನು ಉಜ್ಜಿಕೊಂಡು ಎಳೆಯಲ್ಪಡುತ್ತದೆ. ಲೆಕ್ಕ ಹಾಕಿ ನೋಡಿ: ಎರಡು ಚಕ್ರಗಳ ನಡುವೆ ನಾಲ್ಕೂವರೆ ಅಡಿ ಅಂತರವಿದ್ದು, ಗಾಡಿ ಬೆಟ್ಟದ ದಾರಿಯ ಕಡಿದಾದ ತಿರುವಿನಲ್ಲಿ ಅರ್ಧ ವೃತ್ತ ತಿರುಗಿತೆಂದರೆ, ಹೊರಗಿನ ಚಕ್ರವು ಒಳಗಿನದಕ್ಕಿಂತ ಸುಮಾರು 14 ಅಡಿ ಹೆಚ್ಚು ದೂರ ಉರುಳಿರಬೇಕು. ವೃತ್ತ ದೊಡ್ಡದಿರಲಿ ಚಿಕ್ಕದಿರಲಿ, ಈ ವ್ಯತ್ಯಾಸ ಅಷ್ಟೇ. ತಾಳುಬೆಟ್ಟದಿಂದ ಮೇಲಕ್ಕೆ ಇಂತಹ ತಿರುವುಗಳು ಒಂದರ ಮೇಲೊಂದು ಬರುತ್ತವೆಂಬುದನ್ನು ನಮ್ಮ ಸೀಮೆಯವರಿಗೆ ಹೇಳಬೇಕಾಗಿಲ್ಲ.

ಈ ವ್ಯತ್ಯಾಸವನ್ನು ಹಂಚಿಕೊಡುವ ಹಲ್ಲುಚಕ್ರಗಳ ಕೂಟವೇ ಡಿಫರೆನ್ಷಿಯಲ್. ಪ್ಯಾರಿಸ್ಸಿನ ಪೆಕ್ಯೂರ್ ಎಂಬ ಗಡಿಯಾರದ ಕುಶಲಕರ್ಮಿ 1828ರಲ್ಲಿ ಉಗಿಯ ಗಾಡಿಯೊಂದಕ್ಕಾಗಿ ಇದಕ್ಕೆ ಹಕ್ಕುಪತ್ರ ಪಡೆದನು. ನಮ್ಮ ಗ್ಯಾರೇಜುಗಳಲ್ಲಿ ಅದು ಇರುವ ಗುಂಡನೆಯ ಉಕ್ಕಿನ ಪೆಟ್ಟಿಗೆಗೆ ಹೌಸಿಂಗ್ ಎನ್ನುತ್ತಾರೆ. ಅದರೊಳಗೆ ಪಿನಿಯನ್ ಎಂಬ ಸಣ್ಣ ಹಲ್ಲುಚಕ್ರ, ಕ್ರೌನ್ ಎಂಬ ದೊಡ್ಡ ಹಲ್ಲುಚಕ್ರವನ್ನು ತಿರುಗಿಸುತ್ತದೆ. ಸಣ್ಣದು ನಾಲ್ಕು ಸುತ್ತಿಗಿಂತ ತುಸು ಹೆಚ್ಚು ತಿರುಗಿದಾಗ ದೊಡ್ಡದು ಒಂದು ಸುತ್ತು ತಿರುಗುತ್ತದೆ. ಅಮೆರಿಕದ ಪ್ಯಾಕರ್ಡ್ ಕಾರಿನವರು 1920ರ ದಶಕದ ಕೊನೆಗೆ ಪಿನಿಯನ್ನನ್ನು ಕ್ರೌನಿನ ನಡುಮಟ್ಟಕ್ಕಿಂತ ಕೆಳಗಿಳಿಸಿದರು. ಕಾರಿನ ನೆಲ ತಗ್ಗಿತು, ಸದ್ದೂ ತಗ್ಗಿತು. ಈ ಜೋಡಣೆಗೆ ಹೈಪಾಯ್ಡ್ ಎಂದು ಹೆಸರು. ಆದರೆ ಹಲ್ಲುಗಳು ಬರಿದೆ ಉರುಳದೆ ಒಂದರ ಮೇಲೊಂದು ಒತ್ತಿ ಜಾರತೊಡಗಿದವು. ಸಾಮಾನ್ಯ ಎಣ್ಣೆ ಆ ಒತ್ತಡಕ್ಕೆ ನಿಲ್ಲದು. ಹಾಗಾಗಿ ಗಂಧಕ, ರಂಜಕಗಳ ಸಂಯುಕ್ತಗಳನ್ನು ಬೆರೆಸಿದ ಎಣ್ಣೆ ಬೇಕಾಯಿತು. ಡಬ್ಬಿಯ ಮುಚ್ಚಳ ತೆಗೆದೊಡನೆ ಮೂಗಿಗೆ ಬಡಿಯುವ ನಾತ ಆ ಗಂಧಕದ್ದೇ. ಒಂದು ಕಾಲಕ್ಕೆ ಇಂತಹ ಎಣ್ಣೆಗಳಿಗೆ ತಿಮಿಂಗಿಲದ ಎಣ್ಣೆಯನ್ನೂ ಸೇರಿಸುತ್ತಿದ್ದರು. 1970ರ ದಶಕದ ಆರಂಭದಲ್ಲಿ ಅಮೆರಿಕ ಅದರ ಆಮದನ್ನು ತಡೆದ ಮೇಲೆ ಬೇರೆ ದಾರಿ ಹುಡುಕಿದರು. ಶಾಕಾಹಾರಿ ಮನೆಗಳ ಹಿರಿಯರಿಗೆ ತಮ್ಮ ಕಾರಿನ ಹೊಟ್ಟೆಯಲ್ಲಿ ಏನಿದ್ದೀತೆಂದು ತಿಳಿಯದೆ ಹೋದದ್ದೇ ಒಳಿತು.

ಇಲ್ಲಿ ಒಂದು ಎಚ್ಚರಿಕೆಯನ್ನು ಸೇರಿಸಬೇಕು. ಮಾರುತಿ ಎಂಟುನೂರು, ಆಲ್ಟೋ, ಸ್ವಿಫ್ಟ್, ಸ್ಯಾಂಟ್ರೋ ಮೊದಲಾದ ಕಾರುಗಳಲ್ಲಿ ಎಂಜಿನು ಮುಂದಿನ ಚಕ್ರಗಳನ್ನೇ ತಿರುಗಿಸುತ್ತದೆ. ಡಿಫರೆನ್ಷಿಯಲ್ ಮುಂದಿನ ಗೇರ್ ಪೆಟ್ಟಿಗೆಯೊಳಗೇ ಅಡಗಿರುತ್ತದೆ. ಅಂಥವರು ಹಿಂದೆ ಹುಡುಕಬಾರದು. ಜೀಪು, ಅಂಬಾಸಿಡರ್, ಓಮ್ನಿ, ಸುಮೋ, ಬೊಲೆರೊ, ಟಾಟಾ ಏಸ್ ಉಳ್ಳವರಿಗೆ ಮಾತ್ರ ಈ ಲೇಖನದ ಮುಂದಿನ ಭಾಗ.

ಊರಿನಲ್ಲಿ ಹಿಂದೆ ಜೀಪುಗಳ ರಿಪೇರಿ ಮಾಡುತ್ತಿದ್ದ ಹಿರಿಯ ಮೇಸ್ತ್ರಿಯೊಬ್ಬರಿದ್ದಾರೆ. ಈಗ ಅವರ ಕೈ ನಡುಗುತ್ತದೆ, ಕೆಲಸ ಬಿಟ್ಟಿದ್ದಾರೆ. ಅವರನ್ನು ಕರೆತಂದು ಹಿತ್ತಿಲಲ್ಲಿ ಕುರ್ಚಿ ಹಾಕಿ ಕೂರಿಸಿ, ನಾವಿಬ್ಬರು ಕೈ ಹಾಕುವುದೆಂದು ನಿಶ್ಚಯಿಸಿದೆವು. ಅವರ ಅಪ್ಪಣೆಯಂತೆ ಮೊದಲು ಕಾರನ್ನು ಕಾಲು ಗಂಟೆ ಓಡಿಸಿ ತಂದೆವು; ಎಣ್ಣೆ ಬೆಚ್ಚಗಾದರೆ ಕೊಳೆಯೊಡನೆ ಕಲೆತು ಹರಿದು ಬರುತ್ತದೆ. ಹಿತ್ತಿಲಲ್ಲಿ ಮಳೆನೀರು ಹೋಗಲು ತೋಡಿದ ಮೊಣಕಾಲುದ್ದದ ಒಣ ಕಾಲುವೆಯೊಂದಿದೆ. ಎರಡು ಕಡೆಯ ಚಕ್ರಗಳು ಕಾಲುವೆಯ ಆಚೆ ಈಚೆ ಗಟ್ಟಿ ನೆಲದ ಮೇಲೆ ಇರುವಂತೆ ಕಾರನ್ನು ನಿಲ್ಲಿಸಿ, ಗೇರಿನಲ್ಲಿಟ್ಟು, ಚಕ್ರಗಳಿಗೆ ಕಲ್ಲು ಕೊಟ್ಟೆವು. ಬರಿಯ ಜಾಕಿಯ ಮೇಲೆ ನಿಂತ ವಾಹನದ ಕೆಳಗೆ ಯಾರೂ ನುಸುಳಬಾರದು. ಜಾಕಿ ಜಾರಿದರೆ ಕೂಗಲೂ ಸಮಯವಿರುವುದಿಲ್ಲ. ಕಾಲುವೆಯ ಉಪಾಯದಿಂದ ಇನ್ನೊಂದು ಅನುಕೂಲ: ಕಾರು ಸಮತಟ್ಟಾಗಿ ನಿಲ್ಲುತ್ತದೆ. ಹಿಂದೆ ಎತ್ತಿ ಮುಂದೆ ತಗ್ಗಿಸಿದರೆ ಎಣ್ಣೆಯ ಮಟ್ಟ ತಪ್ಪಾಗಿ ಕಾಣುವುದು.

ಹೌಸಿಂಗಿಗೆ ಎರಡು ಬಿರಡೆಗಳು. ಕೆಳಗಿನದು ಬಸಿಯಲು, ಪಕ್ಕದಲ್ಲಿ ಮೇಲಿರುವುದು ತುಂಬಲು. ಅಳಿಯ ಸ್ಪ್ಯಾನರನ್ನು ಕೆಳಗಿನದಕ್ಕೆ ಹಾಕಿದ ಕೂಡಲೇ ಮೇಸ್ತ್ರಿಯವರು ಕುರ್ಚಿಯಿಂದಲೇ ಗದರಿದರು: "ಬುದ್ಧಿ, ಮ್ಯಾಲ್ಗಡೆ ನಟ್ಟ ಮೊದ್ಲು ಬುಚ್ಚಿ. ಅದು ಬರ್ನಿಲ್ಲ ಅಂದ್ರ ಕೆಳಗಡೆದ ಮುಟ್ಲೇಬ್ಯಾಡಿ." ಎಷ್ಟು ಸರಳ, ಎಷ್ಟು ಸರಿ! ಹಳೆಯ ಎಣ್ಣೆಯನ್ನೆಲ್ಲ ಬಸಿದ ಮೇಲೆ ತುಂಬುವ ಬಿರಡೆ ತುಕ್ಕು ಹಿಡಿದು ಬಿಚ್ಚದೆ ಹೋದರೆ, ಎಣ್ಣೆಯಿಲ್ಲದ ಕಾರು ಹಿತ್ತಿಲಲ್ಲಿಯೇ ಕೂರಬೇಕಾಗುತ್ತದೆ.

ಮೇಲಿನ ಬಿರಡೆಯ ಬಳಿ ನನಗೊಂದು ನಾಚಿಕೆ ಕಾದಿತ್ತು. ಪಟ್ಟಣದ ಒಂದು ಗ್ಯಾರೇಜಿಗೆ ನಾವು ವರುಷಗಳಿಂದ ಈ ಕಾರನ್ನು ಬಿಡುತ್ತಿದ್ದೆವು. ಹಳೆಯ ರಸೀದಿಗಳಲ್ಲಿ ಮೂರು ಕಡೆ "ಹಿಂದಿನ ಹೌಸಿಂಗ್ ಎಣ್ಣೆ ಬದಲಾವಣೆ" ಎಂದು ಬರೆದು ಹಣ ಪಡೆದಿದ್ದಾರೆ. ಆದರೆ ಬಿರಡೆಯ ಸುತ್ತ ಕಲ್ಲಿನಂತೆ ಗಟ್ಟಿಯಾದ ಮಣ್ಣು, ಮಣ್ಣಿನ ಕೆಳಗೆ ತುಕ್ಕು. ಸ್ಪ್ಯಾನರು ತಾಗಿದ ಒಂದು ಗೀರೂ ಇಲ್ಲ. ಮೂರು ಸಲವೂ ಹಣ ಎಣಿಸಿ ಕೊಟ್ಟವನು ನಾನೇ, ಒಮ್ಮೆಯಾದರೂ ಬಗ್ಗಿ ನೋಡಿದವನಲ್ಲ. ತಂತಿಯ ಕುಂಚದಿಂದ ಉಜ್ಜಿ, ಸೀಮೆಎಣ್ಣೆ ಬಿಟ್ಟು ಒಂದು ರಾತ್ರಿ ಕಾದು, ಮರುದಿನ ಉದ್ದನೆಯ ಹಿಡಿ ಹಾಕಿ ಎಳೆದಾಗ ಅದು ಕಿರ್ರೆಂದು ಸಡಿಲಿತು. ಮತ್ತೆ ಕಾರನ್ನು ಬೆಚ್ಚಗೆ ಮಾಡಿಕೊಂಡು ಬರಬೇಕಾಯಿತೆನ್ನಿ.

ರಂಧ್ರದಲ್ಲಿ ಬೆರಳಿಟ್ಟರೆ ಅಂಚಿನಲ್ಲಿಯೇ ಎಣ್ಣೆ ತಾಗಬೇಕು. ನನ್ನ ಬೆರಳು ಒಣಗಿಯೇ ಹೊರಬಂದಿತು. ಕೆಳಗಿನ ಬಿರಡೆ ಬಿಚ್ಚಿದಾಗ ಬಾಣಲೆಗೆ ಸುರಿದದ್ದು ಹಾಲು ಬೆರೆಸಿದ ಕಾಫಿಯ ಬಣ್ಣದ ದ್ರವ. ಅಳೆದರೆ ಮುಕ್ಕಾಲು ಲೀಟರಿಗೂ ಕಡಿಮೆ. ಈ ಅಚ್ಚು ಹಿಡಿಯುವುದು ಸುಮಾರು ಒಂದೂಕಾಲು ಲೀಟರು. ಆ ಕಾಫಿಯ ಬಣ್ಣ ನೀರಿನದು. ಮುಂಗಾರಿಗಿಂತ ಹಿಂಗಾರು ಜೋರಾಗಿರುವ ನಮ್ಮ ಸೀಮೆಯಲ್ಲಿ ಆಶ್ವಯುಜದಲ್ಲಿ ಹಳ್ಳಗಳು ತುಂಬಿ ರಸ್ತೆಯ ಮೇಲೆ ಹರಿಯುತ್ತವೆ. ಓಡಿ ಕಾದ ಹೌಸಿಂಗು ತಣ್ಣನೆಯ ನೀರಿಗೆ ಇಳಿದೊಡನೆ ಒಳಗಿನ ಗಾಳಿ ಕುಗ್ಗುತ್ತದೆ. ಕುಗ್ಗಿದಾಗ ಸಿಕ್ಕ ಸಂದಿಯಿಂದ ನೀರನ್ನು ಒಳಕ್ಕೆ ಹೀರುತ್ತದೆ. ನೀರು ಬೆರೆತ ಎಣ್ಣೆ ಹಲ್ಲುಗಳನ್ನು ಕಾಯುವುದಿಲ್ಲ, ತುಕ್ಕನ್ನೂ ತರುತ್ತದೆ. ಹಳ್ಳ ದಾಟಿಸಿದವರು ಕೈಪಿಡಿಯಲ್ಲಿ ಹೇಳಿದ ಕಿಲೋಮೀಟರುಗಳನ್ನು ಕಾಯದೆ ಎಣ್ಣೆಯನ್ನು ನೋಡಿಸುವುದು ಲೇಸು.

ತಳದಲ್ಲಿ ಉಳಿದ ಮಸಿಯನ್ನು ಮೇಸ್ತ್ರಿಯವರು ಹೆಬ್ಬೆರಳು ತೋರುಬೆರಳುಗಳ ನಡುವೆ ಉಜ್ಜಿ ನೋಡಿದರು. ಕಾಡಿಗೆಯಂತೆ ನುಣುಪಾಗಿದ್ದರೆ ಅದು ಸಹಜ ಸವೆತ. ಉಗುರಿಗೆ ಸಿಗುವಂತಹ ಚೂರುಗಳಿದ್ದರೆ ಹಲ್ಲು ಮುರಿಯುತ್ತಿದೆಯೆಂದು ಅರ್ಥ. ಆಗ ಹೊಸ ಎಣ್ಣೆಯಿಂದ ಪ್ರಯೋಜನವಿಲ್ಲ, ಪೆಟ್ಟಿಗೆಯನ್ನೇ ಬಿಚ್ಚಬೇಕು. ನಮ್ಮದು ನುಣುಪಾಗಿತ್ತು. ಅವರ ಮುಖದಲ್ಲಿ ಆಗ ಮೊದಲ ಬಾರಿಗೆ ನಗು ಕಂಡೆ.

ಸೀಮೆಎಣ್ಣೆ ಹೊಯ್ದು ತೊಳೆಯೋಣವೆಂದು ಅಣ್ಣನವರು ಸೂಚಿಸಿದರು. ಮೇಸ್ತ್ರಿ ಒಪ್ಪಲಿಲ್ಲ. ಒಳಗೆ ಮೂಲೆಗಳಲ್ಲಿ ನಿಂತ ಸೀಮೆಎಣ್ಣೆ ಹೊಸ ಎಣ್ಣೆಯನ್ನು ತೆಳ್ಳಗೆ ಮಾಡುತ್ತದೆ. ಹೊಸ ಎಣ್ಣೆಯನ್ನೇ ತುಂಬಿ, ಊರ ಹೊರಗಿನವರೆಗೆ ಮೆಲ್ಲನೆ ಓಡಿಸಿ, ಅದನ್ನೂ ಬಸಿದು ಮತ್ತೆ ತುಂಬುವುದೇ ಸರಿ ಎಂದರು. ಖರ್ಚು ಇಮ್ಮಡಿಯಾಯಿತು, ಆದರೆ ಎರಡನೆಯ ಸಲ ಬಸಿದಾಗ ಬಂದದ್ದು ಜೇನಿನ ಬಣ್ಣ, ಅದರಲ್ಲಿ ತುಸು ಮಬ್ಬು ಮಾತ್ರ.

ಎಣ್ಣೆ ಕೊಳ್ಳುವಾಗ ಅಂಗಡಿಯವನು "ತೊಂಬತ್ತರ ಎಣ್ಣೆ" ಎಂದು ಕೊಟ್ಟದ್ದನ್ನೆಲ್ಲ ತರಬಾರದು. ತೊಂಬತ್ತು ಎಂಬುದು ದಪ್ಪದ ಲೆಕ್ಕ ಮಾತ್ರ. ಹೈಪಾಯ್ಡ್ ಅಚ್ಚಿಗೆ ಇ.ಪಿ. ಎಂದೂ ಜಿ.ಎಲ್.-5 ಎಂದೂ ಡಬ್ಬಿಯ ಮೇಲೆ ಇರಬೇಕು. ಅದೇ ಜಿ.ಎಲ್.-5ನ್ನು ಜಿ.ಎಲ್.-4 ಕೇಳುವ ಗೇರ್ ಪೆಟ್ಟಿಗೆಗೆ ಹೊಯ್ದರೆ ಒಳಗಿನ ಹಿತ್ತಾಳೆಯ ಬಳೆಗಳು ಕೆಡಬಹುದು. ನಿಮ್ಮ ವಾಹನದ ಪುಸ್ತಕ ಏನು ಹೇಳುತ್ತದೋ ಅದೇ ಪ್ರಮಾಣ. ಡಬ್ಬಿಯನ್ನು ಒಂದು ಗಂಟೆ ಬಿಸಿಲಿಗಿಟ್ಟು, ಆಲಿಕೆಗೆ ಮಾರುದ್ದದ ರಬ್ಬರು ಕೊಳವೆ ಸಿಕ್ಕಿಸಿ, ಮೇಲಿನಿಂದ ಸುರಿದೆವು. ಚಳಿಗೆ ಜೋನಿಬೆಲ್ಲದಂತೆ ಇಳಿಯುವ ಎಣ್ಣೆ ಬಿಸಿಲು ಕಂಡ ಮೇಲೆ ಸಲೀಸಾಗಿ ಇಳಿಯಿತು. ರಂಧ್ರದ ಅಂಚಿನಿಂದ ತೊಟ್ಟಿಕ್ಕತೊಡಗಿದಾಗ ನಿಲ್ಲಿಸಿ, ಹನಿ ನಿಂತ ಮೇಲೆ ಬಿರಡೆ ಬಿಗಿದೆವು.

ಇಷ್ಟಕ್ಕೆ ಮುಗಿಯಿತೆಂದು ಕೈ ತೊಳೆಯಲು ಹೊರಟವನನ್ನು ಮೇಸ್ತ್ರಿ ತಡೆದರು. "ಕಡಮೆಯಾದ ಎಣ್ಣ ಎಲ್ಲೋಯ್ತು ಅಂತ ನೋಡಿದ್ರಾ ಬುದ್ಧಿ?" ನಾವು ನೋಡಿರಲಿಲ್ಲ. ಅಚ್ಚಿನ ಮೇಲ್ಗಡೆ ಗಾಳಿಯಾಡಲೆಂದು ಒಂದು ಸಣ್ಣ ಕಿಂಡಿ ಇರುತ್ತದೆ, ಬ್ರೀದರ್ ಎನ್ನುತ್ತಾರೆ. ನಮ್ಮ ಕಾರಿನಲ್ಲಿ ಅದು ಮಣ್ಣಿನಿಂದ ಮುಚ್ಚಿಹೋಗಿತ್ತು. ಓಡಿ ಬಿಸಿಯಾದಾಗ ಹಿಗ್ಗಿದ ಗಾಳಿಗೆ ಹೊರಹೋಗಲು ದಾರಿಯಿಲ್ಲದೆ, ಎಣ್ಣೆಯನ್ನೇ ಚಕ್ರದ ಬದಿಯ ಸೀಲಿನಿಂದಾಚೆಗೆ ದೂಡಿತ್ತು. ಎಡಗಡೆಯ ಹಿಂದಿನ ಚಕ್ರದ ಒಳಮೈಯಲ್ಲಿ ಕಪ್ಪು ಗೆರೆ ಇಳಿದಿದ್ದುದನ್ನು ಅಳಿಯ ಟಾರ್ಚು ಹಿಡಿದು ತೋರಿಸಿದ. ಆ ಸೀಲಿನ ಆಚೆಗಿರುವುದು ಬ್ರೇಕಿನ ಡ್ರಮ್ಮು. ಎಣ್ಣೆ ಕುಡಿದ ಬ್ರೇಕು ಹಿಡಿಯುವುದಿಲ್ಲ. ಅಂಚು ಮೀರಿ ತುಂಬಿದರೂ ಇದೇ ಗತಿ. ಬೆಟ್ಟವನ್ನು ಹತ್ತುವಾಗ ಮುರಿಯುವ ಹಲ್ಲನ್ನು ಕುರಿತು ನಾವು ಹೆದರುತ್ತಿದ್ದೆವು, ಹೆದರಬೇಕಾಗಿದ್ದುದು ಇಳಿಯುವಾಗ. ತಂಗಿ, ಅವಳ ಸೊಸೆ, ಎರಡು ವರುಷದ ಕೂಸು ಆ ಕಾರಿನಲ್ಲಿರುತ್ತಿದ್ದರು.

ಕಿಂಡಿಯನ್ನು ತಂತಿಯಿಂದ ಬಿಡಿಸಿದ್ದು ನಾವೇ. ಸೀಲು ಮತ್ತು ಬ್ರೇಕಿನ ಕೆಲಸವನ್ನು ಮನೆಯಲ್ಲಿ ಮಾಡಲು ನಾನು ಒಪ್ಪಲಿಲ್ಲ. ಮೇಸ್ತ್ರಿಯವರ ಶಿಷ್ಯನೊಬ್ಬನ ಷೆಡ್ಡಿಗೆ ಕಾರನ್ನು ನಿಧಾನವಾಗಿ ಸಾಗಿಸಿದೆವು. ಈ ಬಾರಿ ಅಳಿಯ ಪಕ್ಕದಲ್ಲಿಯೇ ಸ್ಟೂಲು ಹಾಕಿಕೊಂಡು ಕುಳಿತ. ಬಿಡಿಭಾಗ ಮೈಸೂರಿನಿಂದ ಬರುವುದು ತಡವಾಯಿತು. ದೀಪಾವಳಿಗೆ ನಾವೆಲ್ಲ ಸರ್ಕಾರಿ ಬಸ್ಸಿನಲ್ಲಿ, ಕೌದಳ್ಳಿಯಲ್ಲಿ ಇಳಿದು ಹತ್ತಿ, ನಿಂತುಕೊಂಡೇ ಬೆಟ್ಟಕ್ಕೆ ಹೋಗಿಬಂದೆವು. ಅಣ್ಣನವರು ದಾರಿಯುದ್ದಕ್ಕೂ ಮಾತನಾಡಲಿಲ್ಲ.

ಬಸಿದ ಎಣ್ಣೆಯ ವಿಚಾರದಲ್ಲಿಯೂ ಅವರಿಗೂ ನನಗೂ ಸಣ್ಣ ವಾದ ನಡೆಯಿತು. ಗೆದ್ದಲು ಬಾರದಂತೆ ಬೇಲಿಯ ಗೂಟಗಳಿಗೆ ಬಳಿಯುವುದು, ಮಿಕ್ಕದ್ದನ್ನು ಕಾಲುವೆಗೆ ಚೆಲ್ಲುವುದು ನಮ್ಮ ಕಡೆಯ ಪದ್ಧತಿ. ಆ ಕಾಲುವೆಯ ಕೊನೆಯಲ್ಲಿ ನಮ್ಮ ಬಾವಿ ಇದೆ. ಬಳಸಿದ ಎಣ್ಣೆ ಅಪಾಯಕರ ತ್ಯಾಜ್ಯವೆಂದು 2016ರ ಕೇಂದ್ರ ನಿಯಮಗಳಲ್ಲಿಯೇ ಇದೆ. ಅದನ್ನು ಮರುಶುದ್ಧಿ ಮಾಡುವ ಪರವಾನಗಿಯುಳ್ಳವರಿಗೆ ಸೇರಬೇಕು. ಹೆಚ್ಚು ವಾಹನ ಬರುವ ಗ್ಯಾರೇಜುಗಳಲ್ಲಿ ಪೀಪಾಯಿಯಿಟ್ಟು ಕೂಡಿಸಿ ಅಂಥವರಿಗೆ ಕೊಡುವುದುಂಟು. ಬಸಿದದ್ದನ್ನೆಲ್ಲ ಐದು ಲೀಟರಿನ ಹಳೆಯ ಡಬ್ಬಿಗೆ ತುಂಬಿ, ಮುಚ್ಚಳ ಬಿಗಿದು, ಮೇಲೆ ಸುಣ್ಣದಲ್ಲಿ ಗುರುತು ಹಾಕಿ ಇಟ್ಟಿದ್ದೇನೆ. ಮುಂದಿನ ವಾರ ಕೊಳ್ಳೇಗಾಲಕ್ಕೆ ಹೋಗುವಾಗ ಅಳಿಯ ಅದನ್ನು ಒಯ್ಯುವನು.