ನಾಯಿತಲೆ ಕೊಟ್ಟು ಕರೆದವರು

ಫ್ರಾನ್ಸಿನ ಬರ್ಗಂಡಿ ಸೀಮೆಯಲ್ಲಿ ವೆಜಲೇ ಎಂಬ ಗುಡ್ಡದೂರು. ಅಲ್ಲಿನ ಮೇರಿ ಮ್ಯಾಗ್ಡಲೀನಳ ಇಗರ್ಜಿಗೆ ಹೋದವರೆಲ್ಲ ಒಳಬಾಗಿಲ ಮುಂದೆ ಕತ್ತೆತ್ತಿ ನಿಂತು ಆಹಾ ಅನ್ನುತ್ತಾರೆ. ಬಾಗಿಲ ತೊಲೆಗೂ ಕಮಾನಿಗೂ ನಡುವೆ ಅರ್ಧಚಂದ್ರದ ಜಾಗ, ಟಿಂಪನಂ. ಅಲ್ಲಿ ದೈತ್ಯಾಕಾರದ ಕ್ರಿಸ್ತ. ಅವನ ಕೈಗಳಿಂದ ಹೊರಟ ಕಿರಣಗಳು ಶಿಷ್ಯರನ್ನು ಮುಟ್ಟುತ್ತವೆ. ಉಟ್ಟ ಬಟ್ಟೆ ಸುಳಿಸುಳಿಯಾಗಿ ಸುತ್ತುತ್ತದೆ. 1120-30ರ ದಶಕದ ಕೆಲಸ. ಉಳಿ ಹಿಡಿದ ಕೈಗೆ ನನ್ನ ಶರಣು. ಏನು ಕೆತ್ತಬೇಕೆಂದು ಅಪ್ಪಣೆ ಕೊಟ್ಟವರ ಜೊತೆ ನನಗೆ ಜಗಳವಿದೆ.

ಆ ಕ್ರಿಸ್ತನ ಕಾಲ ಕೆಳಗಿನ ತೊಲೆ ನೋಡಿ. ಮೊರದಗಲ ಕಿವಿಯ ಜನ. ಏಣಿ ಹಾಕಿ ಕುದುರೆ ಹತ್ತುವ ಕುಳ್ಳರು. ಮೇಲಿನ ಸುತ್ತಿನ ಚೌಕವೊಂದರಲ್ಲಿ ನಾಯಿತಲೆಯ ಮನುಷ್ಯರು. ಈ ನಾಯಿತಲೆಯವರು ಎಲ್ಲಿಯವರು ಗೊತ್ತೇ? ನಮ್ಮವರು! ಪರ್ಷಿಯಾದ ದೊರೆಗೆ ವೈದ್ಯನಾಗಿದ್ದ ಕ್ಟೀಸಿಯಸ್ ಎಂಬ ಗ್ರೀಕ, ಇಂಡಿಯಾದ ಮಣ್ಣು ಮೆಟ್ಟದೆಯೇ ಇಂಡಿಯಾದ ಮೇಲೊಂದು ಪುಸ್ತಕ ಬರೆದ. ಇಲ್ಲಿನ ಬೆಟ್ಟಗಳಲ್ಲಿ ನಾಯಿತಲೆಯವರನ್ನೂ ನಡುನಾಡಿನಲ್ಲಿ ಕುಳ್ಳರನ್ನೂ ಕೂರಿಸಿದ. ರೋಮಿನ ಪ್ಲಿನಿ ಅದನ್ನೇ ಎತ್ತಿ ಬರೆದುಕೊಂಡ. ಒಬ್ಬರಿಂದ ಒಬ್ಬರು ನಕಲು ಮಾಡುತ್ತ ಬಂದ ಸುಳ್ಳು 1,500 ವರ್ಷ ಕಳೆದ ಮೇಲೆ ದೇವರ ಮನೆಯ ಬಾಗಿಲಲ್ಲಿ ಕಲ್ಲಾಗಿ ಕೂತಿತು.

ವಿದ್ವಾಂಸರಲ್ಲಿ ಇದಕ್ಕೆ ಸಮಜಾಯಿಷಿ ಸಿದ್ಧವಿದೆ. ಇದು ತಿರಸ್ಕಾರವಲ್ಲ, ಔದಾರ್ಯ. ಇಂಥವರಿಗೂ ಸುವಾರ್ತೆ ತಲುಪಲಿ ಎಂಬ ಆಶಯ ಇದು ಎನ್ನುತ್ತಾರೆ. ಇಂಥವರಿಗೂ! ಆ 'ಊ'ಕಾರದಲ್ಲೇ ಇದೆಯಲ್ಲ ಸ್ವಾಮಿ ಎಲ್ಲ ವಿಷ. ಮೊದಲು ನನ್ನ ಕತ್ತಿನ ಮೇಲೆ ನಾಯಿಯ ತಲೆ ಇಡುತ್ತೀರಿ, ಆಮೇಲೆ ಒಳಗೆ ಬಾ ಎನ್ನುತ್ತೀರಿ. (ನಮ್ಮದೇ ಹೊಸ್ತಿಲುಗಳ ಲೆಕ್ಕ ಇನ್ನೊಂದು ದಿನಕ್ಕಿರಲಿ, ಅದು ಉದ್ದದ ಲೆಕ್ಕ.)

ಇನ್ನು ದುಡ್ಡಿನ ಮಾತು. ಮ್ಯಾಗ್ಡಲೀನಳ ಮೂಳೆ ನಮ್ಮಲ್ಲಿದೆ ಎಂದು ಸಾರಿ ಯಾತ್ರಿಕರನ್ನು ಸೆಳೆದ ಮಠ ಅದು. ಕಾಣಿಕೆ ಬಂದಷ್ಟೂ ಸಾಲಲಿಲ್ಲ. ಹೊಸ ಕಟ್ಟಡದ ಗರ್ಭಭಾಗದ ಪ್ರತಿಷ್ಠೆ ಆದದ್ದು 1104ರಲ್ಲಿ. ಎರಡೇ ವರ್ಷಕ್ಕೆ, 1106ರಲ್ಲಿ, ತೆರಿಗೆಯ ಹೊರೆಗೆ ರೊಚ್ಚಿಗೆದ್ದ ಜನ ಮಠಾಧಿಪತಿ ಆರ್ತೋನನ್ನು ಕೊಂದರು. ಕೊಲೆಯನ್ನು ನಾನು ಮೆರೆಸುತ್ತಿಲ್ಲ. ಜನ ಅಲ್ಲಿಯವರೆಗೆ ಹೋಗಬೇಕಾದರೆ ಎಷ್ಟು ಹಿಂಡಿರಬೇಕು ಎಂದು ಕೇಳುತ್ತಿದ್ದೇನೆ.

ಬಾಗಿಲ ಮೇಲೆ ರೈತ ಇಲ್ಲವೇ? ಇದ್ದಾನೆ. ಕಮಾನಿನ ಹೊರಸುತ್ತಿನ ಪದಕಗಳಲ್ಲಿ, ರಾಶಿಗಳ ಪಕ್ಕದಲ್ಲಿ, ಆಯಾ ತಿಂಗಳ ಗೇಮೆ ಮಾಡುತ್ತಿದ್ದಾನೆ. ಬಾಯಿಮುಚ್ಚಿ ದುಡಿಯುವವನಿಗೆ ಅಂಗೈಯಗಲದ ಜಾಗ ಕೊಟ್ಟರು. ಯಾಕೆ ಕೊಡಬೇಕು ಎಂದು ಕೇಳಿದವನಿಗೆ ಅದೂ ಇಲ್ಲ.

ಇದೇ ಕಾಲದಲ್ಲಿ ಕ್ಲೇರ್ವೋ ಮಠದ ಬರ್ನಾರ್ಡ್ ಒಂದು ಖಾರವಾದ ಪತ್ರ ಬರೆದಿದ್ದ. ಬಡವರು ಹಸಿದಿರುವಾಗ ಗೋಡೆಗೆ ಬಂಗಾರ ಯಾಕೆ, ಓದುವ ಸನ್ಯಾಸಿಗಳ ಕಣ್ಣೆದುರು ಈ ವಿಕಾರ ಪ್ರಾಣಿಗಳ ಕೆತ್ತನೆ ಯಾಕೆ ಎಂಬ ಅರ್ಥದ ಪತ್ರ. ಓದಿದಾಗ ನಮ್ಮವನೇ ಅನ್ನಿಸುತ್ತಾನೆ. ಆದರೆ 1146ರ ಈಸ್ಟರ್ ದಿನ ಅದೇ ಬರ್ನಾರ್ಡ್ ಇದೇ ವೆಜಲೇಗೆ ಬಂದ. ಊರಾಚೆ ಬಯಲಲ್ಲಿ ನೆರೆದ ಸಾವಿರಾರು ಜನರಿಗೆ ಎರಡನೇ ಧರ್ಮಯುದ್ಧದ ಕರೆ ಕೊಟ್ಟ. ಕಲ್ಲಿನ ರಾಕ್ಷಸರನ್ನು ಸಹಿಸದವನು ಜೀವಂತ ಮನುಷ್ಯರ ಮೇಲೆ ಕತ್ತಿ ಹಿರಿಯಲು ಹೇಳಿದ. ದೊರೆ ಏಳನೇ ಲೂಯಿ ಅಂದು ಶಿಲುಬೆಯ ಗುರುತು ತೊಟ್ಟ.

ಆ ಲೂಯಿ ಮತ್ತೆ ಈ ಊರಿನ ಕತೆಗೆ ಬರುತ್ತಾನೆ. 1152ರಲ್ಲಿ ವೆಜಲೇಯ ಪಟ್ಟಣಿಗರು ಮಠದ ಹಿಡಿತ ಕೊಡವಿ ತಮ್ಮದೇ ಪೌರಸಂಘ ಕಟ್ಟಿಕೊಂಡರು. 1155ರಲ್ಲಿ ದೊರೆ ಮಠದ ಪರ ನಿಂತು ಅದನ್ನು ಮುರಿದುಹಾಕಿದ. ಕಲಾಚರಿತ್ರೆಯ ಗ್ರಂಥಗಳು ಬಟ್ಟೆಯ ಸುಳಿಗಳನ್ನು ಪುಟಗಟ್ಟಲೆ ವರ್ಣಿಸುತ್ತವೆ. ಮುಂದಿನ ಮುದ್ರಣದಲ್ಲಿ ಆ ಬಾಗಿಲಿನ ಚಿತ್ರದ ಕೆಳಗೆ, ಶೈಲಿ ಮತ್ತು ಕಾಲದ ವಿವರ ಹಾಕುವ ಅದೇ ಸಾಲಿನಲ್ಲಿ, 1106 ಮತ್ತು 1155 ಎಂಬ ಎರಡು ಇಸವಿಗಳನ್ನೂ ಅಚ್ಚುಹಾಕಿ.