ಮನೆಯೊಳಗಣ ವಿಜ್ಞಾನ: ಲೋಟದಲ್ಲಿ ಅವರೆ

ಜಡಿಮಳೆಯ ದಿನಗಳಲ್ಲಿ ಮಕ್ಕಳನ್ನು ಮನೆಯೊಳಗೆ ಹಿಡಿದಿಟ್ಟು ಬೇಸತ್ತಿರುವ ತಾಯಿತಂದೆಗಳಿಗೆ ಈ ತಿಂಗಳು ಒಂದು ಸುಲಭವಾದ ಪ್ರಯೋಗವನ್ನು ಸೂಚಿಸುವೆನು. ಬೇಕಾದುದೆಲ್ಲವೂ ಅಡುಗೆಮನೆಯಲ್ಲಿಯೇ ಉಂಟು: ಮೂರು ಗಾಜಿನ ಲೋಟ, ಹಳೆಯ ಹತ್ತಿಬಟ್ಟೆ, ಒಂದು ಹಿಡಿ ಒಣ ಅವರೆಕಾಳು. ಕಾಳು ಇಡಿಯದಾಗಿರತಕ್ಕದ್ದು. ಬೇಳೆಯು ಮೊಳೆಯದು, ಒಡೆಯುವಾಗಲೇ ದಳಗಳ ನಡುವಣ ಅಂಕುರವು ಕೆಟ್ಟುಹೋಗಿರುವುದು. ಹುಡುಗರು ನಂಬದಿದ್ದರೆ ತೊಗರಿಬೇಳೆಯನ್ನೂ ಇಟ್ಟು ನೋಡಲಿ. ಚಿಕ್ಕವರು ಕಾಳನ್ನು ಮೂಗಿಗೆ ತುರುಕಿಕೊಳ್ಳುವುದುಂಟು, ಹಿರಿಯರೊಬ್ಬರು ಹತ್ತಿರವಿರಬೇಕು. ಹರಳಿನ ಬೀಜವು ವಿಷ. ಅದನ್ನು ಈ ಆಟಕ್ಕೆ ಕೊಡಲೇಬಾರದು.

ಲೋಟದೊಳಗೆ ಬಟ್ಟೆಯನ್ನು ತುಂಬಿ, ಗಾಜಿಗೂ ಬಟ್ಟೆಗೂ ನಡುವೆ ಕಾಳುಗಳನ್ನು ಸಿಕ್ಕಿಸಿರಿ. ಒಂದರಲ್ಲಿ ಒಣ ಬಟ್ಟೆ, ಒಣ ಕಾಳು. ಇನ್ನೊಂದರಲ್ಲಿ ರಾತ್ರಿ ನೆನೆದ ಕಾಳು, ತೇವದ ಬಟ್ಟೆ. ಮೂರನೆಯದರಲ್ಲಿ ಕಾಳು ಮುಳುಗುವಷ್ಟು ನೀರು. ಒಣಗಿದ್ದುದು ಹಾಗೆಯೇ ಇರುವುದು. ತೇವದಲ್ಲಿದ್ದುದು ಕೆಲವು ದಿನಗಳಲ್ಲಿ ಬೇರು ಬಿಡುವುದು. ಮುಳುಗಿದುದು ಬಿರಿದರೂ ಕೊನೆಗೆ ಕೊಳೆಯುವುದು. ಬೀಜವೂ ಉಸಿರಾಡುವುದಷ್ಟೆ, ನಿಂತ ನೀರಿನಲ್ಲಿರುವ ಗಾಳಿ ಅದಕ್ಕೆ ಸಾಲದು.

ಬೇರು ಒಂದಂಗುಲವಾದ ಮೇಲೆ ಲೋಟವನ್ನು ಅಡ್ಡಲಾಗಿ ಮಲಗಿಸಿರಿ. ಒಂದೆರಡು ದಿನಗಳಲ್ಲಿ ಬೇರಿನ ತುದಿ ಬಾಗಿ ಪುನಃ ನೆಲದ ಕಡೆಗೆ ತಿರುಗುವುದು. ಇಂಗ್ಲೆಂಡಿನ ಥಾಮಸ್ ಆಂಡ್ರ್ಯೂ ನೈಟ್ ಎಂಬಾತನು ಬೀಜಗಳನ್ನು ನೀರಿನಿಂದ ತಿರುಗುವ ಚಕ್ರಕ್ಕೆ ಕಟ್ಟಿ ಪರೀಕ್ಷಿಸಿ, ಫಲಿತವನ್ನು 1806ರಲ್ಲಿ ಪ್ರಕಟಿಸಿದನು. ವೇಗವಾಗಿ ತಿರುಗುತ್ತಿದ್ದ ಚಕ್ರದಲ್ಲಿ ಬೇರುಗಳು ಹೊರಗಡೆಗೂ ಮೊಳಕೆಗಳು ನಡುವಿನ ಕಡೆಗೂ ಬೆಳೆದಿದ್ದುವು. ಬೇರು ಭೂಮಿಯ ಸೆಳೆತವನ್ನು ಅರಿತೇ ಕೆಳಗಿಳಿಯುವುದೆಂಬುದಕ್ಕೆ ಇದು ಪ್ರಮಾಣವಾಯಿತು.

ನಮ್ಮ ಮನೆಯಲ್ಲಿ ನಡೆದುದನ್ನೂ ಹೇಳಿಬಿಡುವೆನು. ಐದು ವರ್ಷದ ಮಗಳ ಕಾಳಿಗೆ ಬೂಷ್ಟು ಹಿಡಿಯಿತು. ಅಳುವಳೆಂದು ಹೆದರಿ, ಅವಳು ಮಲಗಿದ ಬಳಿಕ ಅದನ್ನು ತೆಗೆದೆಸೆದು, ಚೆನ್ನಾಗಿ ಮೊಳೆತ ಮತ್ತೊಂದನ್ನು ಆ ಸ್ಥಳದಲ್ಲಿಟ್ಟೆನು. ಬೆಳಗ್ಗೆ ಎದ್ದವಳೇ ಲೋಟವನ್ನು ನೋಡಿ, “ಅಪ್ಪಾ, ಇದು ನನ್ನ ಕಾಳಲ್ಲ. ನನ್ನದಕ್ಕೆ ಕರೀ ಚುಕ್ಕೆ ಇತ್ತು” ಎಂದಳು. ನೋಡುವುದನ್ನು ಕಲಿಸಲು ಹೊರಟವನು ನಾನು! ಇಲ್ಲವೆನ್ನಲು ನಾಲಗೆಯೇಳಲಿಲ್ಲ. ನಿಜವನ್ನು ಹೇಳಿದೆನು. ಅವಳು ಅತ್ತಳು, ಕಾಳು ಕೆಟ್ಟುದಕ್ಕಲ್ಲ, ಕೇಳದೆ ಎಸೆದುದಕ್ಕೆ. ಕಸದಿಂದ ಅದನ್ನು ಹುಡುಕಿ ತಂದು ಇಬ್ಬರೂ ಕುಳಿತು ಬಿಡಿಸಿದೆವು. ಆ ಚುಕ್ಕೆಯು ಹುಳು ಕೊರೆದ ತೂತು. ಒಳಗೆ ಅಂಕುರವಿದ್ದೆಡೆಯಲ್ಲಿ ಬರಿಯ ಹಿಟ್ಟು.

ಈಗ ಅವಳು ಒಂದೊಂದು ಕಾಳನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿಯೇ ಲೋಟಕ್ಕೆ ಹಾಕುತ್ತಾಳೆ. ಮಲಗುವ ಮುನ್ನ ಲೋಟವನ್ನು ತನ್ನ ತಲೆದಿಂಬಿನ ಬಳಿಯೇ ಇಟ್ಟುಕೊಳ್ಳುತ್ತಾಳೆ.